ಬುಡ ಕೊಳೆಸುವ ಶಿಲೀಂಧ್ರ ಯಾವ ಔಷಧಕ್ಕೆ ಬಗ್ಗುತ್ತದೆ?

ಧಾರವಾಡ, ಬೆಳಗಾವಿ, ಬೀದರ್ ಕಡೆ ಸೋಯಾ ಬೆಳೆಯುವವರಿಗೆ ಇದು ಗೊತ್ತಿರುವ ಗೋಳು. ನಿನ್ನೆ ಚೆನ್ನಾಗಿದ್ದ ಗಿಡ ಇವತ್ತು ಬಾಡಿರುತ್ತದೆ. ಕಿತ್ತು ನೋಡಿದರೆ ಬುಡದಲ್ಲಿ ಹತ್ತಿಯಂಥ ಬಿಳಿ ಬೂಷ್ಟು, ಅದರಲ್ಲಿ ಸಾಸಿವೆ ಕಾಳಿನಂಥ ಕಂದು ಗುಂಡುಗಳು. ಇದು ಶಿಲೀಂಧ್ರ, ಹೆಸರು ಸ್ಕ್ಲೆರೋಷಿಯಂ ರಾಲ್ಫ್‌ಸಿ. ಇದಕ್ಕೆ ಯಾವ ಔಷಧ ನಾಟುತ್ತದೆ ಎಂದು ಗಾಜಿನ ತಟ್ಟೆಯಲ್ಲೇ ನೋಡಬಹುದು. ಅಡುಗೆಮನೆಯಲ್ಲಿ ಬೇಡ, ಪ್ರಯೋಗಾಲಯದಲ್ಲಿ ಮಾಡಿ. ಉಪಾಯ ಸರಳ: ಶಿಲೀಂಧ್ರದ ಊಟಕ್ಕೇ ವಿಷ ಬೆರೆಸುವುದು.

ಮೊದಲು ರೋಗದ ಅಂಚಿನಿಂದ ಚಿಕ್ಕ ತುಂಡು ಕತ್ತರಿಸಿ, ಮೇಲ್ಮೈ ಶುದ್ಧಮಾಡಿ, ಶಿಲೀಂಧ್ರವನ್ನು ಬೇರೆಯಾಗಿ ಬೆಳೆಸಿಕೊಳ್ಳಿ.

ಊಟಕ್ಕೆ 200 ಗ್ರಾಂ ಆಲೂಗಡ್ಡೆ ಬೇಯಿಸಿ ಸೋಸಿದ ನೀರು, 20 ಗ್ರಾಂ ಡೆಕ್ಸ್‌ಟ್ರೋಸ್, 20 ಗ್ರಾಂ ಅಗರ್ (ಹೆಪ್ಪುಗಟ್ಟಿಸುವ ಪುಡಿ) ಸೇರಿಸಿ 1 ಲೀಟರ್ ಮಾಡಿ. ಒತ್ತಡದ ಹಬೆಯಲ್ಲಿ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಆಟೋಕ್ಲೇವ್‌ನಲ್ಲಿ 121 ಡಿಗ್ರಿಯಲ್ಲಿಟ್ಟು ತೆಗೆಯಿರಿ. ಸುಮಾರು 50 ಡಿಗ್ರಿಗೆ ಇಳಿದಾಗ ಔಷಧ ಬೆರೆಸಿ ತಟ್ಟೆಗೆ ಸುರಿಯಿರಿ. ತಡಮಾಡಿದರೆ ಅಗರ್ ಗಟ್ಟಿಯಾಗುತ್ತದೆ.

ಎಡವುವುದು ಲೆಕ್ಕದಲ್ಲಿ. ಪೊಟ್ಟಣದ ಮೇಲೆ ಕಾರ್ಬೆಂಡಜಿಮ್ 50% ಎಂದಿದ್ದರೆ ಅರ್ಧ ಮಾತ್ರ ಔಷಧ. ಒಂದು ಲೀಟರ್ ಊಟಕ್ಕೆ 100 ಪಿಪಿಎಂ (ಅಂದರೆ ಲೀಟರಿಗೆ 100 ಮಿಲಿಗ್ರಾಂ ಔಷಧ) ಬೇಕೆಂದರೆ 100 ಅಲ್ಲ, 200 ಮಿಲಿಗ್ರಾಂ ಪುಡಿ ತೂಗಬೇಕು. ಓದುವಾಗ ನಾನೂ ಇದನ್ನು ಮರೆತು ಒಂದು ಕಂತು ತಟ್ಟೆಗಳನ್ನು ಸುಮ್ನೆ ಹಾಳುಮಾಡಿದ್ದೆ. ಬೇರೆ ಬೇರೆ ಪ್ರಮಾಣ ಇಡಿ. ಔಷಧವಿಲ್ಲದ ಸಾದಾ ತಟ್ಟೆ ಇರಲೇಬೇಕು, ಅದಿಲ್ಲದಿದ್ದರೆ ಯಾವುದಕ್ಕೆ ಹೋಲಿಸುತ್ತೀರಿ?

ಬೆಳೆಯುತ್ತಿರುವ ಅಂಚಿನಿಂದ 5 ಮಿ.ಮೀ. ಬಿಲ್ಲೆ ತೆಗೆದು ನಡುವೆ ಮಗುಚಿ ಇಡಿ. 28 ಡಿಗ್ರಿ ಸಾಕು. ಒಂದೊಂದು ಪ್ರಮಾಣಕ್ಕೂ ಮೂರು ನಾಲ್ಕು ತಟ್ಟೆ. ಇದು ಓಡುವ ಜಾತಿ, ಕೆಲವೇ ದಿನಗಳಲ್ಲಿ ಸಾದಾ ತಟ್ಟೆ ತುಂಬುತ್ತದೆ. ತುಂಬುವ ಹೊತ್ತಿಗೆ ಎಲ್ಲ ತಟ್ಟೆಗಳಲ್ಲೂ ಬೆಳವಣಿಗೆಯ ಅಗಲ ಅಳೆಯಿರಿ. ಸಾದಾ ತಟ್ಟೆಯಲ್ಲಿ 80, ಔಷಧದ ತಟ್ಟೆಯಲ್ಲಿ 20 ಮಿ.ಮೀ. ಇದ್ದರೆ ವ್ಯತ್ಯಾಸ 60. ಅದನ್ನು 80ರಿಂದ ಭಾಗಿಸಿ 100ರಿಂದ ಗುಣಿಸಿ: 75% ತಡೆ. ಬೆಳವಣಿಗೆಯನ್ನು ಅರ್ಧಕ್ಕಿಳಿಸುವ ಪ್ರಮಾಣ ಕಡಿಮೆ ಇದ್ದಷ್ಟೂ ಶಿಲೀಂಧ್ರ ಆ ಔಷಧಕ್ಕೆ ಮೆತ್ತಗೆ.

ಏನೂ ಬೆಳೆಯದ ಬಿಲ್ಲೆಯನ್ನು ಎಸೆಯಬೇಡಿ. ಸಾದಾ ಊಟದ ಮೇಲಿಟ್ಟು ನೋಡಿ. ಮತ್ತೆ ಚಿಗುರಿದರೆ ಅದು ಸತ್ತಿರಲಿಲ್ಲ, ಮಲಗಿತ್ತು ಅಷ್ಟೇ.

ಕಾರ್ಬೆಂಡಜಿಮ್ ಸಾಮಾನ್ಯವಾಗಿ ಈ ಸ್ಕ್ಲೆರೋಷಿಯಂ ಮುಂದೆ ಸೋಲುತ್ತದೆ. ಟೆಬುಕೊನಜೋಲ್, ಹೆಕ್ಸಾಕೊನಜೋಲ್ ಚೆನ್ನಾಗಿ ಹಿಡಿಯುತ್ತವೆ. ಸಸಿ ಕೊಳೆಸುವ ಪಿಥಿಯಂ ನಿಜವಾದ ಶಿಲೀಂಧ್ರವೇ ಅಲ್ಲ, ಅದಕ್ಕೆ ಮೆಟಲಾಕ್ಸಿಲ್ ಬೇಕು. ತಟ್ಟೆಯಲ್ಲಿ ಗೆದ್ದ ಔಷಧವನ್ನೂ ನೇರ ಹೊಲಕ್ಕೆ ಒಯ್ಯಬೇಡಿ. ಮಣ್ಣು ಔಷಧವನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊದಲು ಅದೇ ಹೊಲದ ಮಣ್ಣು ತುಂಬಿದ ಕುಂಡದಲ್ಲಿ, ಬೀಜೋಪಚಾರ ಮಾಡಿದ ಮತ್ತು ಮಾಡದ ಬೀಜ ಬಿತ್ತಿ ನೋಡಿ.