ಪುಟ್ಟ ಕ್ಯಾಮೆರಾಗೆ ಯಾವ ಲೆನ್ಸು, ಯಾವ ಗ್ರಿಪ್ಪು

ಲೆನ್ಸ್ ತಗೊಳ್ಳೋ ಮುಂಚೆ ದುಡ್ಡು ಖರ್ಚಿಲ್ಲದ ಒಂದು ಕೆಲಸ ಮಾಡಿ. ಕ್ಯಾಮೆರಾ ಜೊತೆ ಬಂದ 14-42 ಕಿಟ್ ಲೆನ್ಸ್ ಇದೆಯಲ್ಲ, ಅದರಲ್ಲೇ ಎರಡು ತಿಂಗಳು ಹೊಡೀರಿ, ಆಮೇಲೆ ಕಂಪ್ಯೂಟರಿಗೆ ಹಾಕ್ಕೊಂಡು ನಿಮಗೆ ಇಷ್ಟ ಆದ ಒಂದೈವತ್ತು ಫೋಟೋ ಆರಿಸಿ ಪ್ರತಿಯೊಂದರ ಫೋಕಲ್ ಲೆಂತ್ (ಎಂಎಂ ಲೆಕ್ಕದ ನಂಬರು, ಚಿಕ್ಕದಿದ್ದಷ್ಟೂ ಅಗಲ, ದೊಡ್ಡದಿದ್ದಷ್ಟೂ ಹತ್ತಿರ ಕಾಣತ್ತೆ) ಎಷ್ಟು ಅಂತ ನೋಡಿ, ಫೈಲ್ ಡೀಟೇಲ್ಸ್ ಒಳಗೇ ಇರತ್ತೆ. ನಂದು ಅರ್ಧಕ್ಕರ್ಧ 42ರಲ್ಲಿ ಇತ್ತು. ನಾನೋ ಅಲ್ಲೀವರೆಗೂ ವೈಡ್ ಲೆನ್ಸ್ ಬೇಕು ಬೇಕು ಅಂತ ಕೂತಿದ್ದೆ!

ನನ್ನತ್ರ ಇರೋದು ಒಲಿಂಪಸ್ ಇ-ಎಂ10 ಮಾರ್ಕ್ 2, 2015ರಲ್ಲಿ ಬಂದ ಮಾಡೆಲ್ಲು, ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದು, ಬ್ಯಾಟರಿ ಸೇರಿ 400 ಗ್ರಾಂ ಆಸುಪಾಸು. ಮೈಕ್ರೋ ಫೋರ್ ಥರ್ಡ್ಸ್ ಅನ್ನೋ ಚಿಕ್ಕ ಸೆನ್ಸರ್ ಆದ್ರಿಂದ ಲೆನ್ಸ್ ಮೇಲೆ ಬರೆದಿರೋ ನಂಬರನ್ನ ಎರಡರಿಂದ ಗುಣಿಸಿ ಓದ್ಕೋಬೇಕು, 25 ಎಂಎಂ ಅಂದ್ರೆ ಫುಲ್ ಫ್ರೇಮಿನ, ಅಂದ್ರೆ ಹಳೇ ಫಿಲ್ಮಿನಷ್ಟು ದೊಡ್ಡ ಸೆನ್ಸರಿನ, 50ರಷ್ಟು ಅಗಲ ಕಾಣತ್ತೆ. ಲೆನ್ಸ್ ಸಿಗಿಸೋ ಇದೇ ಮೌಂಟು ಪ್ಯಾನಾಸೋನಿಕ್‌ಗೂ ಇರೋದ್ರಿಂದ ಇಬ್ಬರ ಲೆನ್ಸೂ ಕೂರತ್ತೆ, ಸೆಕೆಂಡ್ ಹ್ಯಾಂಡ್ ಹುಡುಕೋರಿಗೆ ಇದು ದೊಡ್ಡ ಲಾಭ.

ನಂಬರ್ ಸಿಕ್ತು ಅಂದ್ರೆ ಮುಂದಿಂದು ಸುಲಭ. 42ರ ಕಡೆ ಜಾಸ್ತಿ ಇದ್ರೆ ಒಲಿಂಪಸ್ 45 ಎಂಎಂ ಎಫ್ 1.8 (ಎಫ್ ನಂಬರು ಚಿಕ್ಕದಿದ್ದಷ್ಟೂ ಬೆಳಕು ಜಾಸ್ತಿ), ಬರೀ 116 ಗ್ರಾಂ, ಕಿಟ್ ಲೆನ್ಸು ಆ ತುದೀಲಿ ಎಫ್ 5.6 ಇರತ್ತೆ, ಅದಕ್ಕಿಂತ ಇದು ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬಿಡತ್ತೆ. ಹಳೇಬೀಡಲ್ಲಿ ಗೋಡೆ ಮೇಲಿನ ಕೆತ್ತನೆ ತೆಗೆಯೋಕೆ ಇದಕ್ಕಿಂತ ಒಳ್ಳೇದು ನನಗಂತೂ ಬೇಡ. ಮಧ್ಯದಲ್ಲಿ ಜಾಸ್ತಿ ಇದ್ರೆ ಒಲಿಂಪಸ್ 25 ಎಫ್ 1.8 ಅಥವಾ ಪ್ಯಾನಾಸೋನಿಕ್ 20 ಎಫ್ 1.7, ಈ 20 ನೋಡೋಕೆ ಬಿಸ್ಕತ್ತಿನ ಥರ ಚಪ್ಪಟೆ, ಜೇಬಲ್ಲಿ ಹಿಡಿಯತ್ತೆ, ಆದ್ರೆ ಫೋಕಸ್ ನಿಧಾನ, ಓಡಾಡೋ ಮಗು ಮನೇಲಿದ್ರೆ ಅದು ಬೇಡ, 25 ತಗೊಳ್ಳಿ. ಎಲ್ಲಾ 14ರಲ್ಲೇ ಇದ್ರೆ ಪ್ಯಾನಾಸೋನಿಕ್ 14 ಎಫ್ 2.5 ಇದೆ, 55 ಗ್ರಾಂ.

ದೂರದ್ದು ಬೇಕು ಅನ್ನೋರು ಮೊದಲು 40-150ರ ಅಗ್ಗದ್ದನ್ನ ನೋಡಿ, ಎಫ್ 4-5.6 ಇರೋದು. ಪ್ಲಾಸ್ಟಿಕ್ಕು ನಿಜ, ಆದ್ರೆ 190 ಗ್ರಾಂ. ಬೇಲೂರಲ್ಲಿ ಸೂರಿನ ಕೆಳಗೆ ಅಷ್ಟೆತ್ತರದಲ್ಲಿ ಮದನಿಕೆಯರಿದಾರಲ್ಲ, ಅವರ ಕೈಯಲ್ಲಿರೋ ಕನ್ನಡಿ, ಬಳೆ ಎಲ್ಲಾ ಕೆಳಗೆ ನಿಂತ್ಕೊಂಡೇ ಸಿಗತ್ತೆ. ಅದೇ 40-150 ಎಫ್ 2.8 ಪ್ರೋ ತಗೊಂಡ್ರೆ ಟ್ರೈಪಾಡ್ ಕಾಲು ಬಿಟ್ಟೇ 760 ಗ್ರಾಂ, ಬಾಡಿಯ ಹತ್ತಿರ ಹತ್ತಿರ ಎರಡರಷ್ಟು. ಕ್ಯಾಮೆರಾ ಸಣ್ಣದು ಅಂತ ತಗೊಂಡು ಅದಕ್ಕೆ ಈ ಒನಕೆ ಸಿಗಿಸಿ ಆಮೇಲೆ ಕೈ ನೋಯತ್ತೆ ಅಂತ ಗ್ರಿಪ್ ಹುಡುಕೋದು ಯಾವ ಸೀಮೆ ಲೆಕ್ಕ ಅಂತ ನನಗೆ ಅರ್ಥ ಆಗಲ್ಲ.

ಗ್ರಿಪ್ಪಿನ ವಿಷಯಕ್ಕೆ ಬಂದ್ರೆ, ನಿಮ್ಮ ಹತ್ರ ಇರೋದ್ರಲ್ಲಿ ಅತೀ ಭಾರದ ಲೆನ್ಸ್ ಯಾವುದೋ ಅದನ್ನ ನೋಡಿ ಗ್ರಿಪ್ ಆರಿಸಬೇಕು, ಬಾಡಿ ನೋಡಿ ಅಲ್ಲ. 45, 20 ಇಂಥವಕ್ಕೆ ಗ್ರಿಪ್ಪೇ ಬೇಡ, ಬೆರಳಿಗೆ ಸ್ವಲ್ಪ ಆಸರೆ ಇದ್ರೆ ಸಾಕು. ಕ್ರಿಕೆಟ್ ಬ್ಯಾಟಿನ ಹಳೇ ರಬ್ಬರ್ ಗ್ರಿಪ್ ಇದ್ರೆ ಒಂದು ಬೆರಳಗಲ ಕತ್ತರಿಸಿ ಡಬಲ್ ಸೈಡ್ ಟೇಪಲ್ಲಿ ಮುಂದುಗಡೆ ಅಂಟಿಸಿ, ನನ್ನದು ಎರಡು ಮಳೆಗಾಲ ಕಳೆದ್ರೂ ಬಿಟ್ಟಿಲ್ಲ. ಫ್ಲಾಶ್ ಕೂರಿಸೋ ಜಾಗಕ್ಕೆ ಸಿಗಿಸೋ ಥಂಬ್ ಗ್ರಿಪ್ಪೂ ಸಿಗತ್ತೆ, ಆದ್ರೆ ಹಿಂದಿನ ಡಯಲ್ಲಿಗೆ ತಗಲತ್ತಾ ನೋಡ್ಕೊಳ್ಳಿ.

75-300 ಥರದ್ದು ಹಾಕೋ ದಿನ ಮಾತ್ರ ಕೆಳಗಿಂದ ಸ್ಕ್ರೂ ಹಾಕೋ ಗ್ರಿಪ್ ಬೇಕೇ ಬೇಕು, ಭಾರ ಎಲ್ಲಾ ಮುಂದಕ್ಕೆ ಹೋಗಿ ಕ್ಯಾಮೆರಾ ಮೂಗು ಕೆಳಗೆ ಮಾಡತ್ತೆ, ಬಲಗೈ ಮೂರು ಬೆರಳಿಗೆ ಹಿಡಿಯೋಕೆ ಏನೂ ಸಿಗಲ್ಲ. ಇಲ್ಲಿ ನಾನು ಪಾಠ ಕಲಿತದ್ದು ರಂಗನತಿಟ್ಟಿನಲ್ಲಿ. ಆನ್‌ಲೈನಲ್ಲಿ ಅಗ್ಗಕ್ಕೆ ಸಿಕ್ತು ಅಂತ ಒಂದು ಲೋಹದ ಗ್ರಿಪ್ ತರಿಸಿದ್ದೆ, ದೋಣೀಲಿ ಕೂತು ಹೆಜ್ಜಾರ್ಲೆ ಗೂಡಿನ ಹತ್ರ ಬರೋ ಹೊತ್ತಿಗೆ ಸರಿಯಾಗಿ ಬ್ಯಾಟರಿ ಖಾಲಿ. ಈ ಕ್ಯಾಮೆರಾದಲ್ಲಿ ಬ್ಯಾಟರಿ ಬಾಗಿಲು ಇರೋದು ತಳದಲ್ಲಿ, ಗ್ರಿಪ್ಪಿನ ತಟ್ಟೆ ಅದನ್ನ ಪೂರ್ತಿ ಮುಚ್ಚಿತ್ತು. ಸ್ಕ್ರೂ ಬಿಚ್ಚೋಕೆ ನಾಣ್ಯ ಬೇಕು, ಐದು ರೂಪಾಯಿದು ಆ ಸೀಳಲ್ಲಿ ಹೋಗಲ್ಲ, ದಪ್ಪ. ಪಕ್ಕದಲ್ಲಿ ಕೂತಿದ್ದ ಅಜ್ಜಿ ಎಲೆಅಡಿಕೆ ಚೀಲದಿಂದ ಒಂದು ರೂಪಾಯಿ ತೆಗೆದು ಕೊಟ್ರು, ಬಿಚ್ಚಿ ಬ್ಯಾಟರಿ ಹಾಕೋಷ್ಟರಲ್ಲಿ ದೋಣಿ ವಾಪಸ್ ತಿರುಗಿತ್ತು.

ಆದ್ರಿಂದ ಗ್ರಿಪ್ ತಗೊಳ್ಳೋವಾಗ ತಳದ ಫೋಟೋ ನೋಡದೆ ಆರ್ಡರ್ ಹಾಕ್ಬೇಡಿ. ಬ್ಯಾಟರಿ ಬಾಗಿಲ ಜಾಗದಲ್ಲಿ ಕಟೌಟ್ ಇರಬೇಕು, ಇಲ್ಲಾಂದ್ರೆ ಒಲಿಂಪಸ್‌ನೋರ ಇಸಿಜಿ-3 ಗ್ರಿಪ್ ಥರ ಸ್ಕ್ರೂ ಬಿಚ್ಚದೆ ಕಳಚೋ ಹಾಗಿರಬೇಕು. ತಟ್ಟೆ ಮೇಲೆ ತೆಳು ರಬ್ಬರ್ ಇದ್ರೆ ಒಳ್ಳೇದು, ಇಲ್ಲದಿದ್ರೆ ನಡೀತಾ ನಡೀತಾ ಸ್ಕ್ರೂ ಸಡಿಲ ಆಗಿ ಗ್ರಿಪ್ ಗಿರಗಿರ ತಿರುಗತ್ತೆ. ಮತ್ತೆ ಗ್ರಿಪ್ ಇದೆ ಅಂತ ಬಲಗೈಲೇ ಎಲ್ಲಾ ಭಾರ ಹೊರಬೇಡಿ, ಎಡಗೈ ಅಂಗೈ ಲೆನ್ಸ್ ಕೆಳಗೇ ಇರಬೇಕು, ಮೊಣಕೈ ಪಕ್ಕೆಗೆ ಒತ್ತಿರಬೇಕು.

ಸೆಕೆಂಡ್ ಹ್ಯಾಂಡ್ ಲೆನ್ಸ್ ನೋಡೋಕೆ ಹೋಗೋರು ಮೊಬೈಲ್ ಟಾರ್ಚನ್ನ ಹಿಂದುಗಡೆಯಿಂದ ಬಿಟ್ಟು ಮುಂದಿಂದ ಓರೆಯಾಗಿ ನೋಡಿ. ಧೂಳಿನ ಚುಕ್ಕೆ ಇದ್ರೆ ತಲೆ ಕೆಡಿಸ್ಕೋಬೇಡಿ, ಜೇಡರ ಬಲೆ ಥರ ಎಳೆಎಳೆ ಕಂಡ್ರೆ ಅದು ಫಂಗಸ್, ಎಷ್ಟೇ ಕಮ್ಮಿ ರೇಟ್ ಹೇಳಿದ್ರೂ ವಾಪಸ್ ಕೊಟ್ಟು ಬನ್ನಿ. ಮಲೆನಾಡು, ಕರಾವಳಿ ಕಡೆಯೋರು ತಗೊಂಡ ದಿನವೇ ಗಾಳಿ ಆಡದ ಡಬ್ಬ, ತೇವ ಹೀರೋಕೆ ಒಂದಿಷ್ಟು ಸಿಲಿಕಾ ಜೆಲ್ ಜೊತೆಗೇ ತಗೊಂಡ್ಬಿಡಿ, ಮತ್ತೆ ಪರ್ಸಲ್ಲಿ ಒಂದು ರೂಪಾಯಿ ನಾಣ್ಯ.