ನೆಲಬೇವಿನ ಕಹಿಯನ್ನು ಲ್ಯಾಬ್‌ನಲ್ಲಿ ಅಳೆಯುವುದು ಹೇಗೆ?

ಚಿತ್ರದುರ್ಗದ ಕಡೆ ಜ್ವರಕ್ಕೆ ನೆಲಬೇವಿನ ಕಷಾಯ ಕುಡಿದವರು ಬಹಳ ಜನ. ಆ ಕಹಿಗೆ ಮುಖ್ಯ ಕಾರಣ ಆಂಡ್ರೊಗ್ರಾಫೊಲೈಡ್ ಎಂಬ ರಾಸಾಯನಿಕ. ಎಲೆಯಲ್ಲಿ ಇದು ಎಷ್ಟಿದೆ ಎಂದು ಲ್ಯಾಬ್‌ನಲ್ಲಿ ಲೆಕ್ಕ ಹಾಕಿ ಹೇಳಬಹುದು. ಆದರೆ ಎಲೆ ಕೀಳುವಾಗ, ಒಣಗಿಸುವಾಗ ಎಡವಿದರೆ ಎಂಥ ಮೆಷಿನ್ ಇದ್ದರೂ ಸರಿ ಉತ್ತರ ಬರುವುದಿಲ್ಲ.

ಮೊದಲು ಗಿಡ. ಗ್ರಂಥಿಗೆ ಅಂಗಡಿಯಲ್ಲಿ ಕೊಳ್ಳುವುದಾದರೆ ಹುಷಾರು, ಹಿಮಾಲಯದ ಕಿರಾತಕಡ್ಡಿ ಎಂಬ ಬೇರೆ ಗಿಡದ ಹೆಸರಲ್ಲಿ ನೆಲಬೇವು ಮಾರಾಟವಾಗುವುದುಂಟು, ಎರಡೂ ಕಹಿಯಾದ್ದರಿಂದ ನಾಲಿಗೆ ನಂಬುವಂತಿಲ್ಲ. ಹೂ, ಕಾಯಿ ಸಮೇತ ಒಂದು ಗಿಡವನ್ನು ಪೇಪರ್ ನಡುವೆ ಒತ್ತಿ ಒಣಗಿಸಿ, ಕಾಲೇಜಿನ ಬಾಟನಿ ಮೇಷ್ಟ್ರಿಗೆ ತೋರಿಸಿ. ಜೋಗಿಮಟ್ಟಿಗೆ ಹೋಗಿ ಕೀಳಬೇಡಿ, ಅದು ವನ್ಯಜೀವಿಧಾಮ. ಹಿತ್ತಿಲಲ್ಲಿ ಬೆಳೆಸಿದ್ದೇ ಸಾಕು. ಹೂ ಬಿಡಲು ಶುರುವಾದಾಗ ಎಲೆ ಬಿಡಿಸಿಕೊಳ್ಳಿ. ಕಾಂಡ ಸೇರಿಸಬೇಡಿ, ಅದರಲ್ಲಿ ಈ ಅಂಶ ಎಲೆಗಿಂತ ಬಹಳ ಕಡಿಮೆ.

ನಮ್ಮ ಬಿಸಿಲು ಗೊತ್ತಲ್ಲ, ಅದರಲ್ಲಿ ಹರವಬೇಡಿ. ಗಾಳಿಯಾಡುವ ನೆರಳಲ್ಲಿ ಗರಿಗರಿ ಆಗುವವರೆಗೆ ಒಣಗಿಸಿ, ಪುಡಿ ಮಾಡಿ ಜರಡಿ ಹಿಡಿಯಿರಿ. ಸ್ವಲ್ಪ ಪುಡಿಯನ್ನು ಬೇರೆ ತೂಗಿ, 105 ಡಿಗ್ರಿಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಇಡಿ. ಎಷ್ಟು ತೇವ ಇತ್ತು ಎಂಬುದು ಸಿಗುತ್ತದೆ. ಇದನ್ನು ಬಿಡುವವರೇ ಜಾಸ್ತಿ, ಆದರೆ ಕೊನೆಯ ಲೆಕ್ಕಕ್ಕೆ ಬೇಕೇ ಬೇಕು.

ಈಗ ಸಾರ ತೆಗೆಯುವುದು. 1 ಗ್ರಾಂ ಪುಡಿಗೆ ಮೆಥನಾಲ್ ಹಾಕಿ ಅರ್ಧ ಗಂಟೆ ಸೋನಿಕೇಟರ್‌ನಲ್ಲಿ (ಶಬ್ದತರಂಗದಿಂದ ಅಲುಗಿಸುವ ಯಂತ್ರ) ಇಟ್ಟು ಸೋಸಿ. ಉಳಿದ ಚರಟಕ್ಕೆ ಮತ್ತೆ ಎರಡು ಸಲ ಹಾಗೇ ಮಾಡಿ, ಎಲ್ಲ ಸೇರಿಸಿ 100 ಮಿ.ಲೀ.ಗೆ ತನ್ನಿ. ಮೆಥನಾಲ್ ವಿಷ, ಬೇಗ ಬೆಂಕಿ ಹಿಡಿಯುತ್ತದೆ. ಹತ್ತಿರ ಒಲೆ, ಬರ್ನರ್ ಬೇಡ. ಕಹಿ ನೋಡೋಣ ಅಂತ ಈ ಸಾರವನ್ನು ಸುಮ್ನೆ ನಾಲಿಗೆಗೂ ತಾಗಿಸಬೇಡಿ.

ಮೆಷಿನ್‌ಗೆ ಹೋಗುವ ಮುನ್ನ ಟಿಎಲ್‌ಸಿ (ಸಾರದ ಅಂಶಗಳನ್ನು ಪ್ಲೇಟಿನ ಮೇಲೆ ಬೇರ್ಪಡಿಸುವ ಪರೀಕ್ಷೆ) ಮಾಡಿ. ಸಿಲಿಕಾ ಪ್ಲೇಟಿನ ಅಡಿಯಿಂದ 1 ಸೆಂ.ಮೀ. ಮೇಲೆ ನಿಮ್ಮ ಸಾರದ್ದೊಂದು ಚುಕ್ಕೆ, ಪಕ್ಕದಲ್ಲಿ ಶುದ್ಧ ಆಂಡ್ರೊಗ್ರಾಫೊಲೈಡ್‌ನದ್ದೊಂದು. ಪ್ಲೇಟಿನ ಅಡಿಯನ್ನು ಕ್ಲೋರೊಫಾರ್ಮ್-ಮೆಥನಾಲ್ ಮಿಶ್ರಣದಲ್ಲಿ ನಿಲ್ಲಿಸಿ, ಅದು ಮೇಲೇರಿದ ಮೇಲೆ ಯುವಿ ದೀಪದಡಿ ನೋಡಿ. ಎರಡೂ ಒಂದೇ ಎತ್ತರದಲ್ಲಿ ಕಂಡರೆ ಮುಂದುವರಿಯಿರಿ. ಕಾಣದಿದ್ದರೆ ಅಲ್ಲೇ ನಿಲ್ಲಿಸಿ ಗಿಡವನ್ನೇ ಮತ್ತೊಮ್ಮೆ ಪರಿಶೀಲಿಸಿ.

ಪ್ರಮಾಣ ತಿಳಿಯಲು ಎಚ್‌ಪಿಎಲ್‌ಸಿ ಬೇಕು, ಅಂದರೆ ಸಾರವನ್ನು ಒತ್ತಡದಲ್ಲಿ ಕಾಲಮ್ ಎಂಬ ಕೊಳವೆಯ ಮೂಲಕ ಹಾಯಿಸಿ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಮೆಷಿನ್. ಚಿತ್ರದುರ್ಗ, ದಾವಣಗೆರೆಯ ಫಾರ್ಮಸಿ ಕಾಲೇಜುಗಳಲ್ಲಿ ವಿಚಾರಿಸಿ. ಸಾರವನ್ನು 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಬೇಕು, ಇಲ್ಲವಾದರೆ ದುಬಾರಿ ಕಾಲಮ್ ಕಟ್ಟಿಕೊಳ್ಳುತ್ತದೆ. ಸಿ18 ಬಗೆಯ ಕಾಲಮ್, ಅದರಲ್ಲಿ ಹರಿಯುವ ದ್ರವ ಮೆಥನಾಲ್-ನೀರು, ಡಿಟೆಕ್ಟರ್ ನೋಡುವ ತರಂಗಾಂತರ 223 ನ್ಯಾನೊಮೀಟರ್. ಶುದ್ಧ ವಸ್ತುವಿನ ಐದು ಬೇರೆ ಬೇರೆ ಸಾಂದ್ರತೆ ಓಡಿಸಿ, ಪ್ರತಿಯೊಂದರ ಪೀಕ್ (ಮೆಷಿನ್ ಬರೆಯುವ ಗೆರೆಯಲ್ಲಿ ಏಳುವ ಉಬ್ಬು) ಎಷ್ಟು ದೊಡ್ಡದೆಂದು ಗ್ರಾಫ್ ಎಳೆಯಿರಿ. ಅದು ನೆಟ್ಟಗೆ ಬಂದ ಮೇಲೇ ನಿಮ್ಮ ಸಾರ. ಸಾರದ ಪೀಕ್ ಶುದ್ಧ ವಸ್ತುವಿನ ಪೀಕ್ ಬಂದ ಸಮಯಕ್ಕೇ ಬಂತು ಅಂದ ಮಾತ್ರಕ್ಕೆ ಅದೇ ವಸ್ತು ಅಂತಲ್ಲ. ಸಾರಕ್ಕೆ ಸ್ವಲ್ಪ ಶುದ್ಧ ವಸ್ತು ಬೆರೆಸಿ ಮತ್ತೆ ಓಡಿಸಿ. ಅದೇ ಪೀಕ್ ದೊಡ್ಡದಾಗದೆ ಪಕ್ಕದಲ್ಲಿ ಇನ್ನೊಂದು ತಲೆ ಎತ್ತಿದರೆ, ನೀವು ಅಳೆಯುತ್ತಿದ್ದದ್ದು ಬೇರೇನೋ.

ಲೆಕ್ಕ ಸುಲಭ. ಪ್ರತಿ ಮಿ.ಲೀ.ಗೆ 0.2 ಮಿ.ಗ್ರಾಂ ಬಂದರೆ 100 ಮಿ.ಲೀ.ಯಲ್ಲಿ 20 ಮಿ.ಗ್ರಾಂ, ಅಂದರೆ ಶೇ 2. ಪುಡಿಯಲ್ಲಿ ಶೇ 8 ತೇವ ಇತ್ತು ಅನ್ನಿ, ಒಣ ತೂಕ 920 ಮಿ.ಗ್ರಾಂ ಮಾತ್ರ, ಆಗ ಶೇ 2.17. ಎರಡರಲ್ಲಿ ಯಾವುದು ಎಂದು ರಿಪೋರ್ಟ್‌ನಲ್ಲಿ ಬರೆಯಿರಿ, ಜೊತೆಗೆ ಗಿಡದ ಯಾವ ಭಾಗ, ಯಾವ ತಿಂಗಳು ಕಿತ್ತದ್ದು ಎನ್ನುವುದನ್ನೂ. ಉಳಿದ ಪುಡಿಯನ್ನು ಗಾಳಿಯಾಡದ ಡಬ್ಬಿಯಲ್ಲಿ ತಂಪಾದ ಕತ್ತಲೆ ಜಾಗದಲ್ಲಿಡಿ. ಇಟ್ಟಷ್ಟೂ ಈ ಅಂಶ ಇಳಿಯುತ್ತದೆ, ಹಾಗಾಗಿ ಮರುಪರೀಕ್ಷೆ ಇದ್ದರೆ ಬೇಗ ಮಾಡಿಸಿ.