ಹನ್ನೊಂದು ಸೆಕೆಂಡಿನ ಮಾತು

"2018 ಸಾಕಾಗಲಿಲ್ವಾ ನಿಮಗೆ? ಇನ್ನೂ ಎಷ್ಟು ಜನ ಸಾಯಬೇಕು?"

ನಾನು ಆಡಿದ್ದು ಇಷ್ಟೇ. ಹನ್ನೊಂದು ಸೆಕೆಂಡು. ಹಿಂದಿನ ಸಾಲಿನಲ್ಲಿ ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ಸಭೆ ಮುಗಿಸಿ ಮನೆಗೆ ಬಂದು ಒದ್ದೆ ಸೀರೆ ಬದಲಿಸುವ ಹೊತ್ತಿಗೆ ಅದು ಮಡಿಕೇರಿ ದಾಟಿ ವಿರಾಜಪೇಟೆ ಮುಟ್ಟಿತ್ತು.

ಆಗ ನಾನು ಕೊಡಗಿನ ಸೋಮವಾರಪೇಟೆ ರಸ್ತೆ ಕಡೆಯ ಒಂದು ಗ್ರಾಮ ಪಂಚಾಯಿತಿಯ ಅಧ್ಯಕ್ಷೆ. 2024ರ ಆಗಸ್ಟ್ ಮೊದಲ ವಾರ. ಜುಲೈ 30ರ ಬೆಳಗಿನ ಜಾವ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಭೂಕುಸಿತದಲ್ಲಿ ಕೊಚ್ಚಿಹೋಗಿದ್ದವು. 2018ರ ಮಳೆಗಾಲದಲ್ಲಿ ನಮ್ಮ ಕಡೆಯೂ ಗುಡ್ಡ ಕುಸಿದು ಜನ ಸತ್ತಿದ್ದರು. ಆಗ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲವನ್ನು ಕಂಡ ನಮಗೆ ಅದು ಬರೀ ಟಿವಿ ಸುದ್ದಿ ಆಗಿರಲಿಲ್ಲ. ಆ ವಾರ ಯಾರೂ ಸರಿಯಾಗಿ ನಿದ್ದೆ ಮಾಡಿದ್ದಿಲ್ಲ.

ಅದೇ ಹೆದರಿಕೆಯಲ್ಲಿ ಅವಸರವಾಗಿ ಒಂದು ತೀರ್ಮಾನ ಮಾಡಿದೆವು. ಸೆಪ್ಟೆಂಬರ್ ಕೊನೆಯವರೆಗೆ ಯಾರೂ ಬರೆ, ಅಂದರೆ ಗುಡ್ಡದ ಇಳಿಜಾರು, ಕಡಿಯಬಾರದು. ಬರೆ ಕಡಿದು ಕಟ್ಟುವ ಯಾವ ಕಟ್ಟಡಕ್ಕೂ ಪಂಚಾಯಿತಿ ಪರವಾನಗಿ ಕೊಡುವುದಿಲ್ಲ. ತೀರ್ಮಾನ ತಪ್ಪು ಅಂತ ನನಗೆ ಇವತ್ತಿಗೂ ಅನಿಸಿಲ್ಲ. ಗುಡ್ಡದ ಬುಡವನ್ನು ಜೆಸಿಬಿಯಲ್ಲಿ ನೇರಕ್ಕೆ ಸೀಳಿದರೆ ಮೇಲಿನ ಮಣ್ಣಿಗೆ ಆಸರೆ ಇರುವುದಿಲ್ಲ. ಮಳೆಗಾಲದಲ್ಲಿ ನೀರು ಕುಡಿದ ಮಣ್ಣು ಭಾರವಾಗಿ ಜಾರುತ್ತದೆ. 2018ರ ನಂತರ ಬಂದು ನೋಡಿದ ಭೂವಿಜ್ಞಾನದವರೂ ವಿಪರೀತ ಮಳೆಯ ಜೊತೆಗೆ ಇಳಿಜಾರು ಕಡಿದದ್ದನ್ನು ಕಾರಣವಾಗಿ ಹೇಳಿದ್ದರು. ತಪ್ಪಾದದ್ದು ಏನೆಂದರೆ, ವಾರ್ಡ್ ಸಭೆಯಲ್ಲಿ ಯಾರನ್ನೂ ಕೇಳಲಿಲ್ಲ. ನೋಟೀಸು ಹಚ್ಚಿದೆವು, ಅಷ್ಟೇ. ಮಾರನೇ ದಿನ ಜನ ಪಂಚಾಯಿತಿಗೆ ಬಂದರು, ಮಾತಿಗೆ ಮಾತು ಬೆಳೆಯಿತು, ನನ್ನ ಬಾಯಿಂದ ಆ ಮಾತು ಬಂತು.

ರಾತ್ರಿ ಎಲ್ಲ ಫೋನು. ಕೆಲವರು ಬೈದರು, ಕೆಲವರು ರಾಜೀನಾಮೆ ಕೊಡಿ ಅಂದರು, ಒಬ್ಬರು ಏನೂ ಮಾತಾಡದೆ ಅತ್ತರು. ಬೈದವರ ಮಾತು ಮರೆತಿದ್ದೇನೆ.

ಬೆಳಿಗ್ಗೆ ಎದ್ದು ಮೊದಲು ಮಾಡಿದ್ದೇ ದಡ್ಡತನ. ಊರಿನ ವಾಟ್ಸಾಪ್ ಗುಂಪಿಗೆ ಒಂದು ಸ್ಪಷ್ಟನೆ ಹಾಕಿದೆ. "ನನ್ನ ಮಾತನ್ನು ತಿರುಚಲಾಗಿದೆ, ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ." ದೊಡ್ಡ ರಾಜಕಾರಣಿಗಳು ಹೀಗೇ ಬರೆಯುತ್ತಾರಲ್ವಾ, ಅದನ್ನೇ ನಕಲು ಹೊಡೆದಿದ್ದೆ. ಯಾರೂ ಏನೂ ತಿರುಚಿರಲಿಲ್ಲ. ವಿಡಿಯೋದಲ್ಲಿ ಇದ್ದದ್ದು ನನ್ನದೇ ಮುಖ, ನನ್ನದೇ ಬಾಯಿ. ಮಧ್ಯಾಹ್ನದೊಳಗೆ ಮೊದಲಿನ ಎರಡರಷ್ಟು ಬೈಗುಳ ಬಂತು. ನಮ್ಮ ಪಿಡಿಒ "ಸುಮ್ನೆ ಇರಿ ಮೇಡಂ, ನಾಲ್ಕು ದಿನಕ್ಕೆ ತಣ್ಣಗಾಗುತ್ತದೆ" ಅಂದರು. ಇನ್ನೊಬ್ಬ ಸದಸ್ಯರು ಇದೆಲ್ಲ ವಿರೋಧಿಗಳ ಪಿತೂರಿ ಅಂತ ಹೇಳಿಬಿಡಿ ಅಂದರು.

ನಾನು ಹಳೇ ಲೆಕ್ಕದ ಪುಸ್ತಕ ತೆಗೆದು ಯಾರು ಏನು ಹೇಳಿದರು ಅಂತ ಒಂದೊಂದಾಗಿ ಬರೆದೆ. ಎರಡು ಪುಟ ತುಂಬಿತು. ಬರೆದ ಮೇಲೆ ಗೊತ್ತಾಯಿತು, ಇದು ಒಂದೇ ಸಿಟ್ಟಲ್ಲ. ಕೆಲವರಿಗೆ ತೀರ್ಮಾನದ ತಕರಾರೇ ಇರಲಿಲ್ಲ, ಆ ಮಾತು ಚುಚ್ಚಿತ್ತು. ಇನ್ನು ಕೆಲವರದ್ದು ನಿಜವಾದ ಕಷ್ಟ: ಅರ್ಧ ಕಟ್ಟಿದ ಮನೆ, ಟಾರ್ಪಾಲು ಹೊದಿಸಿದ ಗೋಡೆ. ಆದರೆ ಜಾಸ್ತಿ ಜನ ಸಿಟ್ಟಾಗಿದ್ದದ್ದು ನಾವು ಮಾಡದೇ ಇದ್ದ ಕೆಲಸಕ್ಕೆ! ಜುಲೈ 31ಕ್ಕೆ ಕೇಂದ್ರ ಸರ್ಕಾರ ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಯನ್ನು ಆರನೇ ಸಲ ಹೊರಡಿಸಿತ್ತು. ನಮ್ಮ ನೋಟೀಸು ಬಂದದ್ದೂ ಅದೇ ವಾರ. ಎರಡೂ ಸೇರಿ "ಪಂಚಾಯಿತಿಯವರು ಕಸ್ತೂರಿರಂಗನ್ ವರದಿಯನ್ನು ಹಿಂಬಾಗಿಲಿಂದ ತಂದರು" ಅಂತ ಆಗಿತ್ತು. ಈ ಕರಡಿಗೆ ಆಧಾರವಾದದ್ದೇ ಆ ವರದಿ. 2013ರಲ್ಲಿ ಅದು ಬಂದಾಗಿನಿಂದ ಕೊಡಗಿನಲ್ಲಿ ಆ ಹೆಸರು ಹೇಳಿದರೆ ಸಾಕು, ಉಳಿದದ್ದನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ.

ಮೂರಕ್ಕೂ ಒಂದೇ ಉತ್ತರ ಕೊಡಲು ಹೋಗಿದ್ದೆ ನೋಡಿ, ಅಲ್ಲೇ ಎಡವಿದ್ದು.

ಮೊದಲು ಅತ್ತವರ ಹತ್ತಿರ ಹೋದೆ. 2018ರಲ್ಲಿ ಮಗನನ್ನು ಕಳೆದುಕೊಂಡ ಅಮ್ಮ. ಈಗ ಜಂಬೂರಿನಲ್ಲಿ ಸಂತ್ರಸ್ತರಿಗೆ ಕಟ್ಟಿಕೊಟ್ಟ ಮನೆಯಲ್ಲಿದ್ದಾರೆ. ಒಬ್ಬಳೇ ಬಸ್ಸಿನಲ್ಲಿ ಹೋದೆ. ಪಂಚಾಯಿತಿ ಸದಸ್ಯರು ಬರುತ್ತೇವೆ ಅಂದರು, ಬೇಡ ಅಂದೆ, ಬಂದರೆ ಫೋಟೋ ತೆಗೆಯುತ್ತಿದ್ದರು. ಅವರು ಬಾಗಿಲಲ್ಲೇ ನಿಂತು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಒಳಗೆ ಕರೆದು ಕಾಫಿ ಕೊಟ್ಟರು. ಬೆಲ್ಲದ ಕಾಫಿ. ಆಮೇಲೆ ಹೇಳಿದರು:

"ನಾವು ಬರೆ ಕಡಿದವರಲ್ಲಮ್ಮ. ನಮ್ಮದು ಅಜ್ಜನ ಕಾಲದ ಮನೆ. ಮಣ್ಣು ಮೇಲಿನಿಂದ ಬಂತು. ನೀನು ನಮ್ಮನ್ನೂ ಸೇರಿಸಿ ಬೈದ ಹಾಗಾಯ್ತು."

ಇದು ನನಗೆ ಹೊಳೆದೇ ಇರಲಿಲ್ಲ. ಸತ್ತವರ ಹೆಸರನ್ನು ನಾನು ಕೋಲಿನ ಹಾಗೆ ಬೀಸಿದ್ದೆ. ಅದು ಮೊದಲು ಬಿದ್ದದ್ದು ಅವರ ಮನೆಯವರ ಮೇಲೆ. ತಪ್ಪಾಯ್ತು ಅಂದೆ. ಅದಕ್ಕೆ ಅವರು ಏನೂ ಅನ್ನಲಿಲ್ಲ. ಹೊರಡುವಾಗ ಕೊಡೆ ಮರೆತಿದ್ದೆ, ಕರೆದು ಕೊಟ್ಟರು.

ಮುಂದಿನ ವಾರ ಶಾಲೆಯ ಜಗಲಿಯಲ್ಲಿ ವಿಶೇಷ ಗ್ರಾಮಸಭೆ ಕರೆದೆವು. ಹೊರಗೆ ಧೋ ಅಂತ ಮಳೆ, ಮೈಕು ಕೆಟ್ಟಿತ್ತು, ಕೂಗಿ ಮಾತಾಡಬೇಕಾಯಿತು. ಎದ್ದು ನಿಂತವಳೇ ವಿಡಿಯೋದ ಮಾತನ್ನು ನಾನೇ ಪೂರ್ತಿ ಓದಿ ಹೇಳಿದೆ. "ಇದನ್ನು ನಾನೇ ಆಡಿದ್ದು, ಆಡಬಾರದಿತ್ತು, ಕ್ಷಮಿಸಿ" ಅಂದೆ. "ಆದರೆ" ಅನ್ನುವ ಪದ ನಾಲಿಗೆ ತುದಿಯವರೆಗೆ ಬಂದಿತ್ತು. ನುಂಗಿಕೊಂಡೆ. ಹಿಂದಿನ ರಾತ್ರಿ ಅಡುಗೆಮನೆಯಲ್ಲಿ ಅದನ್ನೇ ನಾಲ್ಕು ಸಲ ಅಭ್ಯಾಸ ಮಾಡಿದ್ದೆ, ನಗಬೇಡಿ.

ತೀರ್ಮಾನದ ವಿಷಯ ಎತ್ತಿದ್ದು ಕಾಫಿ ಕುಡಿದ ಮೇಲೆ, ಬೇರೆಯಾಗಿ. ನಿರ್ಣಯವನ್ನು ಒಂದೇ ಹಾಳೆಯಲ್ಲಿ ಟೈಪ್ ಮಾಡಿಸಿ ಹಂಚಿದೆವು. ಕೇಂದ್ರದ ಕರಡು ಬೇರೆ, ಇದು ಬೇರೆ, ನಮ್ಮ ಕೈಯಲ್ಲಿರುವುದು ಕಟ್ಟಡ ಪರವಾನಗಿ ಮಾತ್ರ ಅಂತ ಹೇಳಿದೆ. ಕರಡಿಗೆ ಆಕ್ಷೇಪಣೆ ಕಳಿಸಲು 60 ದಿನ ಇದೆ, ಬೇಕಿದ್ದವರಿಗೆ ಪಂಚಾಯಿತಿಯಲ್ಲೇ ಅರ್ಜಿ ಬರೆದುಕೊಡುತ್ತೇವೆ ಅಂದದ್ದಕ್ಕೆ ಅರ್ಧ ಗಲಾಟೆ ಇಳಿಯಿತು.

ಉಳಿದದ್ದು ನಿಜವಾದ ಜಗಳ, ಮೂರು ಗಂಟೆ ನಡೆಯಿತು. ಒಬ್ಬ ಮೇಸ್ತ್ರಿ ಎದ್ದು, "ಅಕ್ಕ, ನನ್ನ ಮನೆ ಹಿಂದೆ ಬಿದ್ದ ಮಣ್ಣು ತೆಗೆಯಲೂ ಜೆಸಿಬಿ ಬೇಡವಾ? ಕೈಯಲ್ಲಿ ತೆಗೆಯಲಾ?" ಅಂದ. ನಮ್ಮ ನೋಟೀಸಿನ ಪ್ರಕಾರ ಹೌದು, ಕೈಯಲ್ಲೇ ತೆಗೆಯಬೇಕಿತ್ತು. ಅಷ್ಟು ಯೋಚನೆಯಿಲ್ಲದೆ ಬರೆದಿದ್ದೆವು. ಕುಸಿದ ಮಣ್ಣು ತೆಗೆಯಲು, ಅರ್ಧ ಕಟ್ಟಿದ ವಾಸದ ಮನೆಗೆ ತಡೆಗೋಡೆ ಕಟ್ಟಲು ಅವಕಾಶ ಅಂತ ಅಲ್ಲೇ ತಿದ್ದಿದೆವು. ಹೊಸ ಹೋಮ್‌ಸ್ಟೇಗೆ ಮಾತ್ರ ಒಪ್ಪಲಿಲ್ಲ. ಇಬ್ಬರು ಎದ್ದು ಹೋದರು. ಅದರಲ್ಲಿ ಒಬ್ಬರು ನಮ್ಮ ನೆಂಟರು, ಇವತ್ತಿಗೂ ಮದುವೆ ಮನೆಯಲ್ಲಿ ಸಿಕ್ಕಿದರೆ ಆ ಕಡೆ ತಿರುಗುತ್ತಾರೆ.

ವಿಡಿಯೋ ಇನ್ನೂ ಸತ್ತಿಲ್ಲ. ಮರು ವರ್ಷದ ಮಳೆಯಲ್ಲೂ ಯಾರೋ ಊರಿನ ಗುಂಪಿಗೆ ಹಾಕಿದರು. ನಾನು ಉತ್ತರ ಬರೆಯಲಿಲ್ಲ. ಸ್ವಲ್ಪ ಹೊತ್ತಿಗೆ ಮೇಸ್ತ್ರಿಯ ಮೆಸೇಜು ಬಂತು: "ಇದು ಹಳೇದು ಮಾರಾಯ್ರೆ. ತಿರುವಿನ ಹತ್ರ ಬರೆ ಬಿದ್ದಿದೆಯಂತೆ, ಬಸ್ಸು ಹೋಗ್ತಾ ಉಂಟಾ ಹೇಳಿ."